ಮನೆಗೆಂದು ಎತ್ತಿಟ್ಟ ಚೀಲ

ಬೆಳ್ಳಗಿದೆ, ಆಲೂಗಡ್ಡೆಯ ತುಂಡು ಯಾವುದು ಎಲೆಕೋಸಿನ ತುಂಡು ಯಾವುದು ಎಂದು ಸೌಟು ಆಡಿಸಿ ನೋಡಬೇಕಾದಷ್ಟು ಬೆಳ್ಳಗಿದೆ, ಕೊತಕೊತ ಕುದಿಯುತ್ತಿರುವ ಈ ಪಾತ್ರೆಯನ್ನು ಕಂಡರೆ ಯಾರಿಗಾದರೂ ಆಸ್ಪತ್ರೆಯ ಊಟ ನೆನಪಾಗಬೇಕು, ಆಗಲಿ, ಆಗಲಿ ಎಂದೇ ಹೀಗೆ ಮಾಡಿರುವುದು, ಸೊಸೆಯಾಗಿ ಈ ಒಲೆಯ ಮುಂದೆ ನಿಂತ ಮೇಲೆ ಒಂದು ಚಿಟಿಕೆಯಾದರೂ ಹಳದಿ ಬೀಳದ ಪಾತ್ರೆಯನ್ನು ಅವಳು ಕೆಳಗಿಳಿಸಿದ್ದೇ ಇಲ್ಲ, ಇದು ಅರಿಶಿನದ ಮನೆ — ಬಾಗಿಲ ಹಿಡಿ ಹಳದಿ, ಕಿಟಕಿಯ ಗಾಜು ಹಳದಿ, ಒಗೆದು ಹರವಿದ ಬಿಳಿ ಬಟ್ಟೆ ಒಣಗುವಷ್ಟರಲ್ಲಿ ಹಳದಿ, ಮದುವೆಯಾದ ಹೊಸದರಲ್ಲಿ ಸೀನಿದರೆ ಕರವಸ್ತ್ರ ಹಳದಿಯಾಯಿತೆಂದು ಹೆದರಿದ್ದಳು, ಗಂಡ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ, ನಮ್ಮನೇಲಿ ನೆಗಡೀಗೂ ಬಣ್ಣ ಬರುತ್ತೆ ಕಣೇ — ನಗುತ್ತಿದ್ದೆವು, ಎಷ್ಟೊಂದು ನಗುತ್ತಿದ್ದೆವು, ಗೋಡೆಯಾಚೆ ಡ್ರಮ್ಮು ಗಡಗಡ ತಿರುಗುತ್ತಲೇ ಇದೆ, ಕಪಾಟಿನ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎನ್ನುತ್ತಿವೆ, ಒಣಗಿದ ಅರಿಶಿನದ ಕೊಂಬುಗಳು ಅದರೊಳಗೆ ಒಂದರ ಮೈ ಒಂದು ಉಜ್ಜಿಕೊಂಡು ಸಿಪ್ಪೆ ಉದುರಿಸಿಕೊಂಡು ಥಳಥಳ ಆಗಿ ಬರುತ್ತವೆ, ಬರುತ್ತವೆಯಂತೆ, ತಿರುಗಿಸಿದಷ್ಟೂ ಹೊಳಪು ಅಮ್ಮಾ ಎಂದು ಭಾವ ಅತ್ತೆಗೆ ಹೇಳಿದ್ದಾನೆ, ಅತ್ತೆ ನಂಬಿದ್ದಾರೆ, ಮಗ ಹೇಳಿದ್ದಲ್ಲವೇ, ಡ್ರಮ್ಮಿನ ಕೋಣೆಯ ದೂಳಿಗೆ ಕೆಮ್ಮು ಬರುತ್ತದೆಂದು ಅವರು ಅತ್ತ ಕಾಲೇ ಇಡುವುದಿಲ್ಲ. ಡ್ರಮ್ಮು ನಿಂತರೆ ಊಟಕ್ಕೆ ಬಂದರು ಎಂದರ್ಥ, ಭಾವ, ಅವನ ಹಿಂದೆ ಆ ಸಗಟು ವ್ಯಾಪಾರಿ, ಈ ಸುಗ್ಗಿಯ ಮಾಲನ್ನೆಲ್ಲ ಒಂದೇ ಕಂತಿನಲ್ಲಿ ಎತ್ತಿಕೊಂಡು ಊರೂರಿಗೆ ಹಂಚುವವನು, ಮಾವ ಇದ್ದಾಗಿನಿಂದ ನಡೆದುಬಂದದ್ದು ಅದು, ನಮ್ಮ ಮಾಲು ಕೊಳ್ಳುವವನು ಮೊದಲು ನಮ್ಮನೆ ಊಟ ಉಣ್ಣಬೇಕು, ಆಮೇಲೆ ಮಾತು, ಮಾವ ಎದೆ ತಟ್ಟಿಕೊಂಡು ಹೇಳುತ್ತಿದ್ದರು, ನಾವು ತಿನ್ನದೇ ಇರೋದನ್ನ ನಾವು ಮಾರೋದಿಲ್ಲ ಅಂತ. ಮಾವ ಹೋದರು, ಎದೆ ತಟ್ಟಿಕೊಳ್ಳುವುದು ಮಾತ್ರ ಉಳಿಯಿತು.

ಬೆಳಿಗ್ಗೆ ಭಾವ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದ್ದು, ಇವತ್ತೊಂದು ದಿನ ಬಾಯಿಗೆ ಬೀಗ ಹಾಕ್ಕೊಂಡು ಬಡಿಸಮ್ಮ, ನಾಳೆ ಬೇಕಾದ್ರೆ ನನ್ನ ತಲೆ ಮೇಲೆ ಕೂತ್ಕೊ — ಗದರಿಸಿಕೊಂಡಲ್ಲ, ಮೆಲ್ಲಗೆ, ಅದೇ ಅವಳ ಮೈ ಉರಿಸಿದ್ದು, ಗದರಿಸಿದ್ದರೆ ತಿರುಗಿ ಗದರಿಸಬಹುದಿತ್ತು, ಅವನು ಬಾಗಿಲ ಚೌಕಟ್ಟಿಗೆ ಕೈಯಿಟ್ಟು ನಿಂತಿದ್ದ, ಆ ಕೈ, ಉಗುರಿನ ಸಂದಿಯಲ್ಲಿ ಹಳದಿ, ಅಂಗೈಯ ಗೆರೆಗೆರೆಯಲ್ಲೂ ಹಳದಿ, ಎಷ್ಟು ಸೋಪು ಹಾಕಿ ತಿಕ್ಕಿದರೂ ಹೋಗದ ಹಳದಿ, ಅರಿಶಿನದ ಹಳದಿ ಹಾಗಿರುವುದಿಲ್ಲ ಎಂದು ಈಗ ಗೊತ್ತು ಅವಳಿಗೆ, ಅರಿಶಿನದ್ದು ಮಣ್ಣು ಬೆರೆತ ಬಣ್ಣ, ಮಾಸಲು, ಪಾಪದ್ದು, ಇದು ರಸ್ತೆಗೆ ಗೆರೆ ಎಳೆಯುತ್ತಾರಲ್ಲ ಆ ಹಳದಿ. ಆ ಕೈಯೇ ಅಲ್ಲವೇ ಮಗಳು ಗಿಣಿಯ ಕೆನ್ನೆ ಹಿಂಡುವುದು, ಜೇಬಿನಿಂದ ಮಿಠಾಯಿ ತೆಗೆದು ಬಾಯಿಗೆ ಇಡುವುದು, ದೊಡ್ಡಪ್ಪಾ ಎಂದು ಅವಳು ಓಡಿಹೋಗಿ ಹಿಡಿದುಕೊಳ್ಳುವುದು — ಥೂ, ಒಳ್ಳೆಯವನೇ, ಅದೇ ತಕರಾರು, ಕೆಟ್ಟವನಾಗಿದ್ದರೆ ಎಷ್ಟು ಸಲೀಸಾಗಿತ್ತು, ಇವಳು ಹುಟ್ಟಿದಾಗ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಇಡೀ ದಿನ ನೀರೂ ಕುಡಿಯದೆ ಕಾದವನು, ಮಕ್ಕಳಿಲ್ಲದವನು, ಹೆಂಡತಿ ತೀರಿಕೊಂಡ ಮೇಲೆ ಇವಳನ್ನೇ ಹೆಗಲ ಮೇಲೆ ಹೊತ್ತು ತಿರುಗಿದವನು, ಗಿಣಿ ಎಂದು ಹೆಸರಿಟ್ಟವನೂ ಅವನೇ, ಬಾಯಿ ಮುಚ್ಚಲ್ಲ ಇದು, ಗಿಣಿ ಕಣ್ರೋ ಗಿಣಿ.

ಬಾಯಿ ಮುಚ್ಚುತ್ತಲೇ ಇರಲಿಲ್ಲ, ಹಲ್ಲುಜ್ಜುವಾಗ ನೊರೆಯ ನಡುವೆಯೂ ಮಾತು, ನಿದ್ದೆಯಲ್ಲೂ ಯಾರಿಗೋ ತಕರಾರು, ಅಮ್ಮಾ ಇರುವೆಗೆ ಮೊಣಕಾಲು ಇದೆಯಾ, ಅಮ್ಮಾ ಕತ್ತಲಿಗೆ ಹಿಂದೆ ಏನಿದೆ, ಸಾಕು ಮಾರಾಯ್ತಿ ತಲೆ ತಿನ್ನಬೇಡ ಎಂದು ಅವಳೇ ಎಷ್ಟು ಸಲ ಗದರಿಲ್ಲ — ತಿನ್ನು, ತಿನ್ನು ಮಗಳೇ, ಈಗ ಒಂದು ಸಲ ತಲೆ ತಿನ್ನು, ಬೇಕಾದಷ್ಟು ತಿನ್ನು, ಆದರೆ ಇವತ್ತು ಬೆಳಿಗ್ಗೆ ನೀರು ಬೇಕಾಗಿ ಲೋಟದ ಕಡೆ ಬೆರಳು ತೋರಿಸಿ ಅಮ್ಮಾ ಅದು, ಅದು ಕೊಡು, ಅದು, ಎಂದು ನಿಂತಳು, ಲೋಟ ಎಂಬ ಮಾತು ಸಿಗಲಿಲ್ಲ, ಎಲ್ಲೋ ಬಿದ್ದುಹೋಗಿದೆ ಎನ್ನುವಂತೆ ನೆಲ ನೋಡಿದಳು, ಆಮೇಲೆ ಹೊಟ್ಟೆ ಹಿಡಿದುಕೊಂಡು ಮಲಗಿದಳು, ಈಗಲೂ ಒಳಕೋಣೆಯಲ್ಲಿ ಬಿಸಿನೀರಿನ ಚೀಲ ಅಪ್ಪಿಕೊಂಡು ಮಲಗಿದ್ದಾಳೆ. ಮೊದಮೊದಲು ಎಲ್ಲರೂ ಒಂದೊಂದು ಹೇಳಿದರು, ಜಂತುಹುಳ, ಗ್ಯಾಸು, ಸ್ಕೂಲಿಗೆ ಹೋಗಲು ಸೋಮಾರಿತನ, ಟೀಚರು ಕರೆಸಿ ಹೇಳಿದರು, ಹೋದ ವರ್ಷ ಬರೀತಿದ್ದ ಅಕ್ಷರ ಈ ವರ್ಷ ಬರೋದಿಲ್ಲ ನೋಡಿ, ಮನೇಲಿ ಏನಾದ್ರೂ ತೊಂದರೇನಾ — ತೊಂದರೆಯೇ, ನಮ್ಮನೆಯಲ್ಲಿ ತೊಂದರೆಯೇ, ಥಳಥಳ ಹೊಳೆಯುವ ಮನೆ ನಮ್ಮದು ಟೀಚರ್. ಕೊನೆಗೆ ಡಾಕ್ಟರಮ್ಮ ರಕ್ತ ತೆಗೆಸಿದರು, ಸೀಸ ಇದೆ ಅಂದರು, ಸೀಸ ಅಂದರೆ ಸೀಸವೇ, ಲೋಹ, ಮಗುವಿನ ರಕ್ತದಲ್ಲಿ, ರುಚಿ ಇಲ್ಲ ವಾಸನೆ ಇಲ್ಲ, ಕುದಿಸಿದರೆ ಹೋಗೋದಿಲ್ಲ, ತೊಳೆದರೆ ಹೋಗೋದಿಲ್ಲ, ಇಷ್ಟು ಇದ್ದರೆ ಪರವಾಗಿಲ್ಲ ಅನ್ನೋ ಲೆಕ್ಕಾನೇ ಇಲ್ಲಮ್ಮ ಇದಕ್ಕೆ, ದೊಡ್ಡವರಿಗೂ ಕೆಟ್ಟದ್ದೇ, ಆದ್ರೆ ಮಕ್ಕಳ ಮಿದುಳು ಇನ್ನೂ ಬೆಳೀತಾ ಇರುತ್ತಲ್ಲ, ಅಲ್ಲಿಗೇ ಹೋಗಿ ಕೂರುತ್ತೆ, ಮೊದಲು ಎಲ್ಲಿಂದ ಬರ್ತಿದೆ ಅನ್ನೋದು ಹುಡುಕಿ ನಿಲ್ಲಿಸಬೇಕು, ಔಷಧಿ ಎಲ್ಲ ಆಮೇಲೆ. ಹುಡುಕಿದರು, ಗಂಡ ಮಂಚದ ಬಣ್ಣ ಕೆರೆದುಹಾಕಿದ, ಗೊಂಬೆಗಳನ್ನೆಲ್ಲ ಕಸಕ್ಕೆಸೆದ, ಅತ್ತೆ ಪೆನ್ಸಿಲ್ಲುಗಳನ್ನು ಮುರಿದುಹಾಕಿದರು ಕಚ್ಚುತ್ತಾಳೆ ಅದಕ್ಕೇ ಎಂದು, ಪೆನ್ಸಿಲ್ಲಿನಲ್ಲಿ ಸೀಸ ಇರೋದಿಲ್ಲವಂತೆ ಅತ್ತೆ ಅಂದರೆ, ಹೆಸರಲ್ಲೇ ಇದೆಯಲ್ಲೇ ಸೀಸದಕಡ್ಡಿ ಅಂತ, ನನಗೇ ಹೇಳೋಕೆ ಬರ್ತಾಳೆ, ಎಂದು ಮುಖ ಗಂಟು ಹಾಕಿಕೊಂಡರು, ಭಾವ ನಲ್ಲಿಯ ಹಳೇ ಪೈಪು ಕಿತ್ತುಹಾಕಿ ಹೊಸದು ಹಾಕಿಸಿದ, ತಾನೇ ನಿಂತು, ತನ್ನ ಕೈಯಿಂದಲೇ, ಆ ಕೈಯಿಂದಲೇ. ಪೈಪು ಹೊಸದಾಯಿತು, ಮಗುವಿನ ರಕ್ತ ಹಾಗೆಯೇ ಇತ್ತು. ಆಗ ಡಾಕ್ಟರಮ್ಮ ಕೇಳಿದರು, ಮನೇಲಿ ಏನು ಕೆಲಸ ಮಾಡ್ತೀರಿ ನೀವು. ಅಡುಗೆಮನೇಲಿರೋ ಎಲ್ಲಾದ್ರಲ್ಲೂ ಒಂದೊಂದು ಚಮಚ ತನ್ನಿ, ನೋಡೋಣ.

ತಂದುಕೊಟ್ಟಳು, ಅಕ್ಕಿ ಹಿಟ್ಟು ಉಪ್ಪು ಖಾರ ಎಲ್ಲ ಪೊಟ್ಟಣ ಕಟ್ಟಿ, ಅರಿಶಿನದ ಪೊಟ್ಟಣ ಕಟ್ಟುವಾಗ ನಗು ಬಂದಿತ್ತು, ಇದನ್ನೂ ಪರೀಕ್ಷೆ ಮಾಡುತ್ತಾರಂತೆ, ಗಾಯಕ್ಕೆ ಹಚ್ಚುವುದನ್ನು, ಕೆಮ್ಮಿಗೆ ಹಾಲಿಗೆ ಹಾಕಿ ಕುಡಿಸುವುದನ್ನು — ಕುಡಿಸಿದ್ದಳಲ್ಲ, ಮಗು ಬಾಡುತ್ತಿದೆ ಎಂದು ಇನ್ನೊಂದು ಚಿಟಿಕೆ ಹೆಚ್ಚಾಗಿ, ರಕ್ತ ಶುದ್ಧಿಯಾಗಲಿ ಎಂದು ಅತ್ತೆ ತಾವೇ ಲೋಟ ಹಿಡಿದು ಕುಡಿಸಿದ್ದರು, ಹೊಟ್ಟೆನೋವು ಹೆಚ್ಚಾದಷ್ಟೂ ಹಾಲು ಹೆಚ್ಚು ಹಳದಿ, ಹಾಲು ಹಳದಿಯಾದಷ್ಟೂ ಹೊಟ್ಟೆನೋವು ಹೆಚ್ಚು — ನಿನ್ನೆ ಸಂಜೆ ಡಾಕ್ಟರಮ್ಮನ ಫೋನು ಬಂತು, ಬೇರೆ ಯಾವುದ್ರಲ್ಲೂ ಇಲ್ಲಮ್ಮ, ಅರಿಶಿನದಲ್ಲೇ ಇದೆ, ಸಿಕ್ಕಾಪಟ್ಟೆ ಇದೆ, ಬಣ್ಣ ಕಟ್ಟೋಕೆ ಏನಾದ್ರೂ ಹಾಕ್ತಾರಾ ಅದಕ್ಕೆ? ಅವಳು ಫೋನಿಟ್ಟು ಸೀದಾ ಡ್ರಮ್ಮಿನ ಕೋಣೆಗೆ ನಡೆದಳು, ಗಂಡನೂ ಅಲ್ಲಿದ್ದ, ವ್ಯಾನಿಗೆ ಚೀಲ ತುಂಬುತ್ತಿದ್ದ, ಏನು ಹಾಕ್ತೀರಿ ಭಾವ ಇದಕ್ಕೆ, ಏನು ಹಾಕ್ತೀರಿ ಹೇಳಿ. ಭಾವ ಮೊದಲು ಬಾಗಿಲು ಮುಂದೆ ಮಾಡಿದ, ಮೆಲ್ಲಗೆ ಮಾತಾಡು, ಅಮ್ಮನ ಕಿವಿಗೆ ಬೀಳಬಾರದು, ಹೊಳಪು ಹಾಕ್ತೀವಿ, ಬಣ್ಣದ ಪುಡಿ, ಎಲ್ಲರೂ ಹಾಕ್ತಾರೆ, ಹಾಕದಿದ್ರೆ ಈ ಮಣ್ಣುಬಣ್ಣದ ಕೊಂಬನ್ನ ನಾಯೀನೂ ಮೂಸೋದಿಲ್ಲ, ಒಂದು ಡ್ರಮ್ಮಿಗೆ ಒಂದು ಹಿಡಿ, ಅದು ಊರಿಗೆಲ್ಲ ಹಂಚಿಹೋದ್ರೆ ಯಾರ ಪಾಲಿಗೆ ಎಷ್ಟು ಬರುತ್ತೆ ಹೇಳು, ಎಳ್ಳಷ್ಟೂ ಬರೋದಿಲ್ಲ. ಮತ್ತೆ ಗಿಣಿಗೆ? ಗಿಣಿಗೆ ಹೇಗೆ ಬರುತ್ತೆ, ನಿನ್ನ ಡಾಕ್ಟರಿಗೆ ತಲೆ ಕೆಟ್ಟಿದೆ, ಮನೆಗೆ ನಾನು ಬೇರೆ ಚೀಲಾನೇ ಎತ್ತಿಡೋದು, ಡ್ರಮ್ಮೇ ಕಾಣದ್ದು, ಹೊಳಪು ಸೋಕದ್ದು, ಪ್ರತಿ ಸುಗ್ಗೀಲೂ ಮೊದಲು ಆ ಚೀಲ ಎತ್ತಿಟ್ಟು ಆಮೇಲೇ ಮಿಕ್ಕಿದ್ದು, ಮಗೂ ಮೇಲಾಣೆ, ಅಂದ. ಗಂಡ ತಲೆ ಕೆಳಗೆ ಹಾಕಿಕೊಂಡು ಚೀಲದ ಬಾಯಿ ಹೊಲಿಯುತ್ತಲೇ ಇದ್ದ, ಹೊಲಿದದ್ದನ್ನೇ ಮತ್ತೆ ಹೊಲಿಯುತ್ತಿದ್ದ.

ಬೇರೆ ಚೀಲ, ಬೇರೆ ಚೀಲ, ರಾತ್ರಿಯೆಲ್ಲ ಅವಳ ತಲೆಯಲ್ಲಿ ಅದೇ ಹುಳ, ಆಣೆ ಸುಳ್ಳಲ್ಲ, ಅವನ ಮುಖ ನೋಡಿದರೆ ಗೊತ್ತಾಗುತ್ತದೆ, ಅವನು ಆ ಚೀಲ ಎತ್ತಿಟ್ಟದ್ದು ನಿಜ, ಅದು ಹೇಗೆ ಹಾಳಾಯಿತೋ ಅವಳಿಗೂ ತಿಳಿಯದು, ಆದರೆ ಯಾಕೆ ಎತ್ತಿಟ್ಟೆ ಭಾವ, ಎಳ್ಳಷ್ಟೂ ಬಾರದ್ದಕ್ಕೆ ಯಾಕೆ ಹೆದರಿದೆ, ನಮ್ಮ ಮಗುವಿಗೆ ಬೇಡವಾದದ್ದು ಯಾರದೋ ಮಗುವಿಗೆ ಹೇಗೆ ನಡೆಯುತ್ತದೆ, ಅಂಗಡಿಯಲ್ಲಿ ಪೊಟ್ಟಣ ಎತ್ತಿ ಬೆಳಕಿಗೆ ಹಿಡಿದು, ಆಹಾ ಎಷ್ಟು ಚೆಂದ ಬಣ್ಣ, ಎಂದು ಚೀಲಕ್ಕೆ ಹಾಕಿಕೊಳ್ಳುವ ಹೆಂಗಸು, ಅವಳಿಗೂ ಒಂದು ಗಿಣಿ ಇರುತ್ತದೆ, ಒಲೆಯ ಮುಂದೆ ಅವಳೂ ಹೀಗೆಯೇ ಬೆವರು ಒರೆಸಿಕೊಳ್ಳುತ್ತಿರುತ್ತಾಳೆ. ಬೆಳಿಗ್ಗೆ ಎದ್ದು ಸ್ಟೂಲು ಹತ್ತಿ ನೋಡಿದಳು, ಅಡುಗೆಮನೆಯ ಗಾಳಿಕಿಂಡಿಯಿಂದ ಡ್ರಮ್ಮಿನ ಬಾಯಿ ನೇರ ಕಾಣುತ್ತದೆ, ಇಷ್ಟು ವರ್ಷ ಆ ಕಿಂಡಿಗೆ ಬಟ್ಟೆ ತುರುಕಿತ್ತು ದೂಳು ಬರುತ್ತದೆಂದು, ಬಟ್ಟೆ ಕಿತ್ತಳು, ಭಾವ ಹೊಳಪಿನ ಪುಡಿಯ ಡಬ್ಬದೊಳಗೆ ಕೈ ಅದ್ದಿದ, ಒಂದು ಹಿಡಿ ತೆಗೆದ, ಬಿತ್ತನೆ ಮಾಡುವವನ ಹಾಗೆ ಡ್ರಮ್ಮಿನೊಳಗೆ ಬೀಸಿದ, ಬರಿಗೈ, ಗವಸಿಲ್ಲ, ಬಾಯಿಗೆ ಬಟ್ಟೆಯಿಲ್ಲ, ಮತ್ತೆ ಅದ್ದಿದ, ಮತ್ತೆ ಬೀಸಿದ, ಬೀಸಿದ ಕೈಯನ್ನು ಲುಂಗಿಗೆ ಒರೆಸಿಕೊಂಡು ಮೂಗು ತಿಕ್ಕಿಕೊಂಡ, ಅವಳಿಗೆ ಸ್ಟೂಲಿನ ಮೇಲಿಂದಲೇ ಕೂಗಬೇಕೆನ್ನಿಸಿತು, ಭಾವಾ ಕೈ ತೊಳ್ಕೊಳ್ಳಿ ಎಂದು, ಎಂಥ ಹುಚ್ಚು, ಕೊಲ್ಲುವಷ್ಟು ಸಿಟ್ಟಿರುವ ಹೊತ್ತಿನಲ್ಲಿ ಕೈ ತೊಳ್ಕೊಳ್ಳಿ ಅಂತೆ.

ಲೋಟಗಳು ಸುಮ್ಮನಾದವು. ಡ್ರಮ್ಮು ನಿಂತಿದೆ, ಬಂದರು, ಮುಂಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದು, ಅತ್ತೆಯ ದೊಡ್ಡ ದನಿ, ಬನ್ನಿ ಬನ್ನಿ ಸ್ವಾಮಿ, ಬಿಸಿಲು ಜೋರು, ಗಂಡ ಹಿಂಬಾಗಿಲಿನಿಂದ ಬೆಕ್ಕಿನಂತೆ ನುಸುಳಿ ಬಂದು ಪಾತ್ರೆ ಇಣುಕುತ್ತಾನೆ, ಇಣುಕಿದವನು ಹಾಗೇ ನಿಲ್ಲುತ್ತಾನೆ, ಏನೇ ಇದು, ಬೆಳ್ಳಗಿದೆಯಲ್ಲೇ. ಹೂಂ ಬೆಳ್ಳಗಿದೆ. ಅಣ್ಣ ಸುಮ್ನಿರ್ತಾನಾ? ಇರದೇ ಇರಲಿ. ನೋಡು, ಇವತ್ತು ಈ ವ್ಯಾಪಾರ ತಪ್ಪಿದ್ರೆ ಮನೇಲಿ ಒಲೆ ಉರಿಯಲ್ಲ, ಆಮೇಲೆ ನಮ್ಮನ್ನ ಇಲ್ಲಿಂದ ಆಚೆ ಹಾಕ್ತಾನೆ, ಎಲ್ಲಿಗೆ ಹೋಗ್ತೀಯಾ? ಎಲ್ಲಿಗಾದರೂ, ಗಿಣಿಯನ್ನು ಸೊಂಟಕ್ಕೇರಿಸಿಕೊಂಡು ಈ ಸೌಟು ಹಿಡಿದುಕೊಂಡು ಹೋಗುತ್ತೇನೆ, ಯಾವ ಊರಲ್ಲಾದರೂ ಒಂದು ಒಲೆ ಸಿಗುತ್ತದೆ, ಮಾತು ಮರೆತ ಮಗುವನ್ನು ಇಟ್ಟುಕೊಂಡು ಥಳಥಳ ಹೊಳೆಯುವುದಕ್ಕಿಂತ ಮಾಸಲಾಗಿ ಬದುಕುವುದು ಎಷ್ಟೋ ವಾಸಿ, ನೀನು ಬಂದರೆ ಬಾ, ಬಾರದಿದ್ದರೆ ಚೀಲ ಹೊಲಿಯುತ್ತ ಕೂತಿರು — ಇದನ್ನೆಲ್ಲ ಹೇಳಿದಳೋ ಬರೀ ಅಂದುಕೊಂಡಳೋ, ಗಂಡನ ಮುಖ ನೋಡಿದರೆ ಹೇಳಿಯೇ ಇರಬೇಕು, ಅವನಿಗೆ ಏನನ್ನಿಸಿತೋ ಅನ್ನದ ಪಾತ್ರೆಯನ್ನು ತಾನೇ ಎತ್ತಿಕೊಂಡ, ನಡಿ, ಅಂದ, ಅಷ್ಟೇ, ನಡಿ. ಮದುವೆಯಾದ ಮೇಲೆ ಅವನು ಅವಳ ಮುಂದೆ ನಡೆದದ್ದು ಎಷ್ಟು ಸಲವೋ, ಪಕ್ಕದಲ್ಲಿ ನಡೆದದ್ದು ಇದೇ ಮೊದಲು ಅನ್ನಿಸಿತು, ಅಳು ಬಂತು, ಈರುಳ್ಳಿ ಹೆಚ್ಚುವಾಗ ಬಾರದ ಅಳು, ನುಂಗಿಕೊಂಡಳು, ಅತ್ತರೆ ಎಲ್ಲರೂ ಅಳುವನ್ನೇ ಸಮಾಧಾನ ಮಾಡಿ ಮಾತನ್ನು ಗಾಳಿಗೆ ತೂರುತ್ತಾರೆ, ಗೊತ್ತಿಲ್ಲವೇ.

ಬಡಿಸುತ್ತಾಳೆ, ಬಿಳಿಯ ತಟ್ಟೆ, ಬಿಳಿಯ ಅನ್ನ, ಅದರ ಮೇಲೆ ಬಿಳಿಯ ಆಲೂಗಡ್ಡೆ ಎಲೆಕೋಸು, ವ್ಯಾಪಾರಿ ದಪ್ಪನೆಯ ಮನುಷ್ಯ, ನಗುಮುಖದವನು, ತಟ್ಟೆ ನೋಡಿ ಅವಳನ್ನು ನೋಡಿ ಹೊಟ್ಟೆ ಕುಲುಕಿಸಿ ನಗುತ್ತಾನೆ, ಏನಮ್ಮಾ ತಾಯಿ, ಅರಿಶಿನದ ಮನೇಲಿ ಅರಿಶಿನಕ್ಕೇ ಬರಾನಾ, ನಿಮ್ಮ ಮಾಲಿನ ಬಣ್ಣ ನೋಡೋಣ ಅಂತ ನಾನು ಬಂದ್ರೆ. ಮರೆತಿರಬೇಕು ಸ್ವಾಮಿ, ಮಗೂಗೆ ಹುಷಾರಿಲ್ಲ, ಅವಳ ಮನಸ್ಸು ಎಲ್ಲೋ ಇದೆ, ಹೋಗಮ್ಮ ಡಬ್ಬಿ ತಗೊಂಬಾ, ಭಾವನ ನಗು, ನಗುವಿನ ಹಿಂದಿನ ಕಣ್ಣು, ಆ ಕಣ್ಣು ಅವಳನ್ನು ಬೇಡಿಕೊಳ್ಳುತ್ತಿದೆ, ಅವಳು ಹೋಗಿ ಡಬ್ಬಿ ತಂದಳು, ತಂದು ಮೇಜಿನ ನಡುವೆ ಇಟ್ಟಳು, ಮುಚ್ಚಳ ತೆಗೆಯಲಿಲ್ಲ. ಮರೆತಿಲ್ಲ ಭಾವ. ಸ್ವಾಮಿ, ಇದು ನಮ್ಮನೆ ಡಬ್ಬಿ, ಇದ್ರಲ್ಲಿ ಸೀಸ ಇದೆಯಂತೆ, ಆಸ್ಪತ್ರೆಯವರು ಪರೀಕ್ಷೆ ಮಾಡಿ ಹೇಳಿದ್ದಾರೆ, ನನ್ನ ಮಗಳ ರಕ್ತದಲ್ಲೂ ಅದೇ ಇದೆ, ನೀವು ಕೊಂಡುಹೋಗಿ ಯಾರ್ಯಾರ ಮಕ್ಕಳಿಗೆ ಹಂಚ್ತೀರಿ ಅಂತ ಕೇಳೋಣ ಅಂತಿದ್ದೆ. ಬೆವರು ಬರುತ್ತದೆ ಅಂದುಕೊಂಡಿದ್ದಳು, ನಾಲಿಗೆ ತಡವರಿಸುತ್ತದೆ ಅಂದುಕೊಂಡಿದ್ದಳು, ಏನೂ ಆಗಲಿಲ್ಲ, ಮಾತು ಸಲೀಸಾಗಿ ಬಂತು, ತುತ್ತು ಎತ್ತಿದ್ದ ವ್ಯಾಪಾರಿಯ ಕೈ ತಟ್ಟೆಗೆ ಇಳಿಯಿತು, ಅತ್ತೆ, ಏನಂದೇ, ಏನಂದೇ ನೀನು, ಎಂದು ಎದ್ದರು, ಭಾವ ಮಾತ್ರ ಕೂತೇ ಇದ್ದ, ಕೂತೇ ನಕ್ಕ, ಈ ಸಲದ ನಗು ನಿಜದ್ದು, ಗೆದ್ದವನದು, ಅಯ್ಯೋ ಸ್ವಾಮಿ, ತಾಯಿ ಸಂಕಟ, ಏನೇನೋ ಹೇಳ್ತಾಳೆ, ಈ ಡಬ್ಬೀಲಿರೋದು ಪಾಲಿಶೇ ಆಗದ್ದು, ಬರೀ ಕೊಂಬು, ಮನೆಗೇ ಅಂತ ನಾನೇ ಬೇರೆ ಎತ್ತಿಡೋದು, ಇದ್ರಲ್ಲಿ ಹೇಗೆ ಬರುತ್ತೆ?

ಯಾಕೆ ಎತ್ತಿಡ್ತೀರಿ ಭಾವ, ಎಂದಳು, ಇದೊಂದು ಪ್ರಶ್ನೆಗಾಗಿಯೇ ಬೆಳಗಾದದ್ದು, ಯಾಕೆ ಬೇರೆ ಎತ್ತಿಡ್ತೀರಿ ಹೇಳಿ, ಮಾರೋದರಲ್ಲಿ ಏನಿದೆ ಅಂತ? ನಗು ಅಲ್ಲೇ ನಿಂತಿತು, ವ್ಯಾಪಾರಿ ಭಾವನನ್ನು ನೋಡಿದ, ಗಂಡ ಅನ್ನದ ಪಾತ್ರೆ ಹಿಡಿದು ನಿಂತಲ್ಲೇ, ಹೇಳಣ್ಣ, ಅಂದ — ಗಂಡ, ತುಟಿ ಪಿಟಕ್ಕೆನ್ನದ ಗಂಡ — ಭಾವ ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಮೇಜಿಗೆ ಕೈಯೂರಿ ಸಿಡಿದೆದ್ದರು, ಏನೋ ಅವಮಾನ ಮಾಡ್ತೀಯ ಬಂದೋರ ಮುಂದೆ, ಬೀದಿಗೆ ಹೊಳೆಯೋದು ಕೊಟ್ಟು ಮನೆಗೆ ಮಣ್ಣುಬಣ್ಣದ್ದು ಹಾಕ್ಕೊಂಡು ತಿನ್ನೋ ದರಿದ್ರ ಬಂದಿಲ್ಲ ಕಣೋ ನಮಗಿನ್ನೂ, ನಿಮ್ಮಪ್ಪನ ಮನೆ ಇದು, ನೀನು ಎತ್ತಿಡೋ ಆ ಕೆಟ್ಟ ಚೀಲಾನ ನಾನು ಪ್ರತಿ ಸುಗ್ಗೀಲೂ ಮಾರೋ ರಾಶಿಗೆ ಸುರಿಸಿಬಿಡ್ತೀನಿ, ಆಳಿಗೆ ಹೇಳಿ, ನೀನು ಸಂತೆಗೆ ಹೋದಾಗ, ಡ್ರಮ್ಮಿಂದ ಬಂದಿದ್ರಲ್ಲಿ ಹೊಳೆಯೋದ್ರಲ್ಲೇ ಹೊಳೆಯೋದು ನನ್ನ ಕೈಯಾರೆ ಆರಿಸಿ ಪುಡಿ ಮಾಡಿಸ್ತೀನಿ ನನ್ನ ಮೊಮ್ಮಗಳಿಗೆ ಅಂತ, ಮೊದಲನೇ ದರ್ಜೇದು ಮನೆ ಮಗೂಗೆ, ಮಿಕ್ಕಿದ್ದು ಊರಿಗೆ. ಅವಳಿಗೆ ಕಾಲಡಿಯ ನೆಲ ಒಮ್ಮೆ ಜರುಗಿತು, ಹೀಗೆ, ಹೀಗೋ, ಪ್ರೀತಿಯಿಂದ ಆರಿಸಿ ಆರಿಸಿ, ಒಂದೊಂದೇ ಕೊಂಬು ಬೆಳಕಿಗೆ ಹಿಡಿದು, ಭಾವನ ಮುಖ ನೋಡಲಾಗಲಿಲ್ಲ, ನೋಡಿದಳು, ಅವನು ಒಳಕೋಣೆಯ ಬಾಗಿಲು ನೋಡುತ್ತಿದ್ದ, ಗಿಣಿ ಮಲಗಿದ್ದ ಕೋಣೆಯ ಬಾಗಿಲನ್ನು, ಅವನಿಗೂ ಮಾತು ಬಿದ್ದುಹೋಗಿತ್ತು, ನೆಲದಲ್ಲೆಲ್ಲೂ ಸಿಗುತ್ತಿರಲಿಲ್ಲ. ಅತ್ತೆಗೆ ಇದೊಂದೂ ಕಾಣುವುದಿಲ್ಲ, ಅವರು ಡಬ್ಬಿಯ ಮುಚ್ಚಳ ತೆಗೆದಿದ್ದಾರೆ, ಸೀಸ ಅಂತೆ ಸೀಸ, ನನ್ನ ಸೊಸೆಗೆ ಡಾಕ್ಟರು ಹೇಳಿದ್ದೆಲ್ಲ ನಿಜ, ನೋಡಿ ಸ್ವಾಮಿ, ನಿಮ್ಮ ಕಣ್ಣೆದುರಿಗೇ ಹಸೀದೇ ತಿಂತೀನಿ, ಚಮಚ ತುಂಬ ತೆಗೆದರು, ತುಂಬಿ ತುಳುಕುವಷ್ಟು, ಎಂಥ ಬಣ್ಣ, ಮಧ್ಯಾಹ್ನದ ಬಿಸಿಲಿಗೆ ಕಣ್ಣು ಕುಕ್ಕುವ ಬಣ್ಣ, ಬಾಯಿ ತೆರೆದರು, ಬೇಡ ಅತ್ತೆ, ಎಂದು ಅವಳು ಕೂಗಿದಳು, ಕೂಗಿದ ದನಿ ಎರಡಾಗಿ ಕೇಳಿತು, ಅಮ್ಮಾ ಬೇಡ, ಭಾವನ ಕುರ್ಚಿ ಹಿಂದಕ್ಕೆ ಬಿತ್ತು, ತಟ್ಟೆ ಉರುಳಿತು, ಚಮಚ ಗೋಡೆಗೆ ಹೋಗಿ ಬಡಿಯಿತು, ಪುಡಿ ಅನ್ನದ ಮೇಲೆ ನೆಲದ ಮೇಲೆ ವ್ಯಾಪಾರಿಯ ಬಿಳಿ ಅಂಗಿಯ ಮೇಲೆ, ಅವಳ ತುಟಿಯವರೆಗೆ ಬಂದಿದ್ದ ಮಾತುಗಳು, ರಾತ್ರಿಯೆಲ್ಲ ಜೋಡಿಸಿದ್ದವು, ಒಂದೂ ಬೇಕಾಗಿಲ್ಲ, ಅತ್ತೆ ಬಿಡೋ ಅನ್ನುತ್ತಿದ್ದಾರೆ, ನೋಯ್ತದೆ ಬಿಡೋ, ಯಾಕೋ, ಏನಾಯ್ತೋ, ಅವನು ಬಿಡುತ್ತಿಲ್ಲ, ತಾಯಿಯ ಮುದಿ ಮಣಿಕಟ್ಟನ್ನು ಹಿಡಿದದ್ದು ಹಿಡಿದೇ ಇದೆ ಆ ಕೈ, ಬಿಡುತ್ತಿಲ್ಲ, ಆ ಕೈ, ಉಗುರಿನ ಸಂದಿಯಲ್ಲಿ ಹಳದಿ, ಅಂಗೈಯ ಗೆರೆಗೆರೆಯಲ್ಲಿ ಹಳದಿ, ಆ ಕೈ, ತಾಯಿಯ ಚರ್ಮದ ಮೇಲೆ ಹಳದಿ ಬೆರಳುಗಳ ಗುರುತು ಮೂಡುತ್ತಿದೆ, ಆ ಕೈ —